ಪೆಪ್ಟೈಡ್ ದ್ರಾವಣ: ಒಂದೇ ವಯಲ್‌ನಲ್ಲಿ ಇಡೋದೋ, ಪಾಲು ಮಾಡಿ ಇಡೋದೋ?

ಲ್ಯಾಬಿನಲ್ಲಿ ಪೆಪ್ಟೈಡ್ (ಅಮೈನೋ ಆಮ್ಲಗಳ ಸಣ್ಣ ಸರಪಳಿ) ಪುಡಿ ಕರಗಿಸುವ ಕೆಲಸ ನನಗೆ ಬಂದಾಗ ಮೊದಲು ಸುಲಭದ ದಾರಿ ಹಿಡಿದೆ. ಇಡೀ ವಯಲ್ (ಪುಡಿ ಇರುವ ಸಣ್ಣ ಸೀಸೆ) ಕರಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡೋದು, ಬೇಕಾದಾಗ ತೆಗೆದು ಬಳಸಿ ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸೋದು. ಮೂರನೇ ವಾರಕ್ಕೆ, ಆ ದ್ರಾವಣ ಹಾಕಿ ನೋಡುತ್ತಿದ್ದ ಜೀವಕೋಶಗಳ ಪ್ರತಿಕ್ರಿಯೆ ಇಳಿಯತೊಡಗಿತು. ಕೋಶಗಳೇ ಸರಿಯಿಲ್ಲ ಅಂದುಕೊಂಡು ಎರಡು ಸಲ ಹೊಸದಾಗಿ ಬೆಳೆಸಿದೆ. ಕೊನೆಗೆ ಹೊಸ ವಯಲ್ ತೆರೆದು, ಹಳೆಯದು ಹೊಸದು ಎರಡನ್ನೂ ಒಂದೇ ದಿನ ಪಕ್ಕಪಕ್ಕ ಹಾಕಿ ನೋಡಿದಾಗಲೇ ಗೊತ್ತಾಗಿದ್ದು, ಕೆಟ್ಟಿದ್ದು ದ್ರಾವಣ.

ಆಮೇಲೆ ಕರಗಿಸಿದ ದಿನವೇ 50 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟೆ. ಒಂದು ಟ್ಯೂಬ್ ಒಂದೇ ಸಲಕ್ಕೆ, ಉಳಿದರೆ ಎಸೆಯೋದು. ಅರ್ಧ ದಿನ ಹಂಚೋದಕ್ಕೇ ಹೋಗುತ್ತದೆ, ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಕೊನೆಯ ಟ್ಯೂಬಿನವರೆಗೂ ಫಲಿತಾಂಶ ಅಲುಗಾಡಲಿಲ್ಲ. ನನ್ನ ಮಟ್ಟಿಗೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ಫ್ರೀಜರ್ ಮಾತ್ರ ತಾನಾಗಿ ಮಂಜು ಕರಗಿಸಿಕೊಳ್ಳುವ ಬಗೆಯದಾಗಿರಬಾರದು, ಅದು ಆಗಾಗ ಬಿಸಿಯಾಗುವುದರಿಂದ ಹಂಚಿಟ್ಟ ಶ್ರಮ ಅಲ್ಲೇ ಹಾಳು.

ನೀರಿನಲ್ಲೂ ಎರಡು ಬಗೆ ನೋಡಿದೆ. ಬರೀ ಸ್ಟೆರೈಲ್ ನೀರಿನಲ್ಲಿ ಸಂರಕ್ಷಕ ಇರುವುದಿಲ್ಲ, ಪದೇಪದೇ ಸೂಜಿ ಚುಚ್ಚುವ ವಯಲ್‌ಗೆ ಅದು ಸಲ್ಲದು. ಬ್ಯಾಕ್ಟೀರಿಯೋಸ್ಟಾಟಿಕ್ ನೀರಿನಲ್ಲಿ ಸಾಮಾನ್ಯವಾಗಿ 0.9% ಬೆಂಜೈಲ್ ಆಲ್ಕೋಹಾಲ್ ಇರುತ್ತದೆ, ಅದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ಆದರೆ ಅದೇ ಆಲ್ಕೋಹಾಲ್ ಜೀವಕೋಶಗಳ ಮೇಲೂ ಪರಿಣಾಮ ಮಾಡಬಹುದು ಅಲ್ವಾ, ಅದಕ್ಕೇ ನಾನು ಕೈಬಿಟ್ಟೆ. ಹಲವು ಸಲ ಬಳಸುವ ಔಷಧಿ ವಯಲ್‌ಗಳಿಗೆ, ತೆರೆದ ಮೇಲೆ ಅಂತ ಹೇಳುವ 28 ದಿನದ ಮಿತಿಯನ್ನು ತುಂಬಾ ಜನ ತಪ್ಪಾಗಿ ತಿಳಿಯುತ್ತಾರೆ. ಅದು ಸೋಂಕಿನ ಭಯದ್ದು. ಪೆಪ್ಟೈಡ್ ಅಷ್ಟು ದಿನ ಕೆಡದೆ ಇರುತ್ತದೆ ಅಂತ ಅದರ ಅರ್ಥ ಅಲ್ಲ.

ಅಳತೆಗೆ ಇನ್ಸುಲಿನ್ ಸಿರಿಂಜ್, ಮೈಕ್ರೋಪಿಪೆಟ್ (ಹನಿಗಿಂತ ಕಡಿಮೆ ದ್ರವವನ್ನೂ ಅಳೆಯುವ ಲ್ಯಾಬ್ ಸಾಧನ) ಎರಡೂ ಬಳಸಿದೆ. ಯು-100, ಅಂದರೆ ಮಿಲಿಲೀಟರಿಗೆ 100 ಯುನಿಟ್ ಗೆರೆ ಇರುವ ಸಿರಿಂಜಿನಲ್ಲಿ 1 ಯುನಿಟ್ ಅಂದರೆ 10 ಮೈಕ್ರೋಲೀಟರ್, ಅಷ್ಟೇ. ಅದು ದ್ರವದ ಪ್ರಮಾಣ, ಪೆಪ್ಟೈಡ್ ತೂಕ ಅಲ್ಲ. 5 ಮಿಲಿಗ್ರಾಂ ಪುಡಿಗೆ 2 ಮಿಲಿಲೀಟರ್ ನೀರು ಹಾಕಿದರೆ 10 ಯುನಿಟ್‌ನಲ್ಲಿ 250 ಮೈಕ್ರೋಗ್ರಾಂ, 1 ಮಿಲಿಲೀಟರ್ ಹಾಕಿದರೆ ಅದೇ ಗೆರೆಗೆ 500. ಗೆರೆ ನೋಡಿ ನಂಬಿದರೆ ಕೆಟ್ಟೆವು. ಸಣ್ಣ ಅಳತೆಗೆ ನನ್ನ ಆಯ್ಕೆ ಪಿಪೆಟ್ಟೇ. ಪುಡಿಯ ಒಟ್ಟು ತೂಕದಲ್ಲಿ ಲವಣ, ತೇವವೂ ಸೇರಿರುತ್ತದೆ, ಹಾಗಾಗಿ ಅದರ ಜೊತೆ ಬರುವ ಕಾಗದದಲ್ಲಿ ನಿಜವಾದ ಪೆಪ್ಟೈಡ್ ಎಷ್ಟು ಅಂತ ನೋಡಿಯೇ ಲೆಕ್ಕ ಹಾಕುತ್ತೇನೆ.

ಕರಗಿಸುವಾಗ ಕುಲುಕೋದಕ್ಕಿಂತ ಮೆಲ್ಲಗೆ ಹೊರಳಿಸೋದು ಲೇಸು, ನೊರೆ ಬರಲ್ಲ. ತಣ್ಣಗಿರುವ ವಯಲ್ ಮೊದಲು ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ತೆರೆದ ಕೂಡಲೇ ಪುಡಿ ತೇವ ಎಳೆದುಕೊಳ್ಳುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಲ್ಯಾಬಿಗೆಂದು ಮಾರುವ ಪುಡಿಯನ್ನು ಎಷ್ಟೇ ಚೊಕ್ಕವಾಗಿ ಕರಗಿಸಿದರೂ ಅದು ಮೈಗೆ ಚುಚ್ಚುವ ಔಷಧಿ ಆಗುವುದಿಲ್ಲ. ವೈದ್ಯರು ಬರೆದುಕೊಟ್ಟ ಇಂಜೆಕ್ಷನ್ ಆದರೆ ಯಾವ ನೀರು, ಎಷ್ಟು, ಎಷ್ಟು ದಿನ ಅನ್ನುವುದು ಅದರ ಪೊಟ್ಟಣದಲ್ಲೇ ಇರುತ್ತದೆ, ಫಾರ್ಮಸಿಸ್ಟ್ ಕೂಡ ಹೇಳುತ್ತಾರೆ. ಅಲ್ಲಿ ನನ್ನ ಲೆಕ್ಕ ಬೇಡ.