ಐನ್‌ಮನೆ ಮಾಡೆಲ್‌ಗೆ ಫೋಮ್ ಬೋರ್ಡಾ, ಗ್ರೇ ಬೋರ್ಡಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರೇ ಬೋರ್ಡ್‌ಗೆ. ಪುಸ್ತಕ ಬೈಂಡ್ ಮಾಡುವವರು ಬಳಸುವ ಬೂದು ರಟ್ಟು ಇದೆಯಲ್ಲ, ಅದೇ. ಮಾಡೆಲ್ ಸುಮ್ನೆ ನೋಡಲು ಚೆನ್ನಾಗಿದ್ದರೆ ಸಾಕು ಅನ್ನುವವರು ಯಾವುದನ್ನಾದರೂ ತೆಗೆದುಕೊಳ್ಳಬಹುದು. ಒಳಗೆ ಬೆಳಕು ಹೇಗೆ ಬೀಳುತ್ತದೆ ಎಂದು ನೋಡಬೇಕಿದ್ದರೆ ಫೋಮ್ ಬೋರ್ಡ್ ಗೋಡೆ ಬೇಡ.

ನಾನು ಮಾಡಬೇಕಿದ್ದದ್ದು ಕೊಡಗಿನ ನಾಪೋಕ್ಲು ಕಡೆಯ ನೆಂಟರ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಹಿರಿಯರ ಮನೆಯ, 1:50 (ಐವತ್ತರಲ್ಲಿ ಒಂದು ಪಾಲು ಅಳತೆಯ) ಮಾಡೆಲ್. ನಡುವೆ ತೆರೆದ ಅಂಗಳ, ಸುತ್ತ ನಾಲ್ಕು ಬದಿಗೂ ಮನೆ. ಮುಂದೆ ಕಯ್ಯಾಲೆ, ಅಂದರೆ ಜಗಲಿ, ಅಲ್ಲಿ ಕಂಬಗಳ ನಡುವೆ ಕೂರಲು ಐಮರ ಎನ್ನುವ ದಪ್ಪ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆ, ಹಿರಿಯರನ್ನು ನೆನೆದು ದೀಪ ಹಚ್ಚುವ ಜಾಗ. ಹೊರಗಿನಿಂದ ಕಯ್ಯಾಲೆಗೆ, ಅಲ್ಲಿಂದ ಒಳಗೆ ಹೋದಂತೆ ಮೆಟ್ಟಿಲು ಇಳಿದ ಹಾಗೆ ಕತ್ತಲಾಗುತ್ತದೆ. ಚಿಕ್ಕಂದಿನಿಂದ ನನಗೆ ಆ ಮನೆಯಲ್ಲಿ ಇಷ್ಟವಾದದ್ದೇ ಆ ಕತ್ತಲೆ, ಅದರೊಳಗೆ ಆ ಒಂದು ದೀಪ. ಮಾಡೆಲ್‌ನಲ್ಲೂ ಅದೇ ಕಾಣಬೇಕಿತ್ತು.

ಮೈಸೂರಿನಿಂದ 5 ಎಂಎಂ ಬಿಳಿ ಫೋಮ್ ಬೋರ್ಡ್ ನಾಲ್ಕು ಶೀಟ್ ತಂದೆ. ಸಾವಿರದ ಇನ್ನೂರರ ಹತ್ತಿರ ಆಯಿತು. ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಎರಡೇ ದಿನಕ್ಕೆ ಗೋಡೆಗಳು ಎದ್ದವು. ನಡುಬಾಡೆಯಲ್ಲಿ ಒಂದು ಪುಟ್ಟ ಎಲ್‌ಇಡಿ ಇಟ್ಟು ಕೋಣೆಯ ಲೈಟ್ ಆರಿಸಿದೆ. ಇಡೀ ಮನೆ ಗೂಡುದೀಪದ ಹಾಗೆ ಹೊಳೆಯಿತು! ಗೋಡೆ, ಮೂಲೆ, ಎಲ್ಲಾ ಕಡೆ ಬೆಳಕು.

ಕಾರಣ ಸರಳ. ಫೋಮ್ ಬೋರ್ಡ್ ಎಂದರೆ ಎರಡು ಕಾಗದಗಳ ನಡುವೆ ಬಿಳಿ ಪಾಲಿಸ್ಟೈರೀನ್ ನೊರೆ. ಆ ಗುಳ್ಳೆಗಳು ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಚದುರಿಸಿ ಆಚೆಗೆ ದಾಟಿಸುತ್ತವೆ. ಹಗಲಲ್ಲಿ ಇದೇ ಉಲ್ಟಾ. ಹೊರಗಿನ ಬೆಳಕು ಗೋಡೆಯ ಮೂಲಕವೇ ಒಳಗೆ ಬರುತ್ತದೆ. ಕಿಟಕಿ ಚಿಕ್ಕದೋ ದೊಡ್ಡದೋ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಸರಿಪಡಿಸಲು ಮೂರು ರಾತ್ರಿ ಹೋಯಿತು. ಮೊದಲು ಹೊರಗಡೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ. ಬಿಳಿ ಅಂಟಿನಲ್ಲಿ ನೀರಿರುತ್ತದೆ, ಹೊರಗೆ ಜುಲೈ ಮಳೆ ಬೇರೆ. ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ದೋಣಿಯ ಹಾಗೆ ಬಾಗಿತ್ತು. ಅಂಟೇ ಬೇಡವೆಂದು ಇನ್ನೊಂದು ಗೋಡೆಗೆ ಕಪ್ಪು ಸ್ಪ್ರೇ ಪೇಂಟ್ ಹೊಡೆದೆ. ಅದರಲ್ಲಿರುವ ಸಾಲ್ವೆಂಟ್ ನೊರೆಯನ್ನೇ ಕರಗಿಸಿತು. ಕತ್ತರಿಸಿದ ಅಂಚುಗಳೆಲ್ಲ ಗೆದ್ದಲು ತಿಂದ ಹಾಗಾದವು.

ಕೊನೆಗೆ ಕಪ್ಪು ಇನ್ಸುಲೇಶನ್ ಟೇಪ್. ಗೋಡೆಯ ಮೇಲೆ, ಮೂಲೆಗಳಲ್ಲಿ ಇದು ಕೆಲಸ ಮಾಡಿತು. ಆದರೆ ಪ್ರತಿ ಕಿಟಕಿ, ಪ್ರತಿ ಬಾಗಿಲಿನ ಸುತ್ತ ನೊರೆಯ ಅಂಚು ಬರಿಯಾಗಿ ಕಾಣುತ್ತದೆ, ಅಲ್ವಾ? ಬೆಳಕು ಅಲ್ಲಿಂದಲೇ ನುಗ್ಗಿ ಚೌಕಟ್ಟಿನ ಸುತ್ತ ಬಿಳಿ ಉಂಗುರ ಮಾಡುತ್ತಿತ್ತು. ಟೇಪನ್ನು 5 ಎಂಎಂ ಪಟ್ಟಿ ಮಾಡಿ ಒಂದೊಂದು ಅಂಚಿಗೂ ಸುತ್ತಿದೆ. ಮಾರನೇ ದಿನ ಅರ್ಧ ಪಟ್ಟಿಗಳು ಎದ್ದು ಬಂದಿದ್ದವು. ಕಾಲೇಜಿನ ರಿವ್ಯೂನಲ್ಲಿ ನಮ್ಮ ಸರ್ ಮಾಡೆಲ್‌ನೊಳಗೆ ಬಗ್ಗಿ ನೋಡಿ ಕೇಳಿದ್ದು ಎರಡೇ ಪದ: ‘ಕತ್ತಲೆ ಎಲ್ಲಿ?’ ತುಂಬಾ ಬೇಜಾರಾಯಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಗ್ರೇ ಬೋರ್ಡ್ ಸಿಕ್ಕಿದ್ದು ಮಡಿಕೇರಿಯಲ್ಲೇ, ಒಬ್ಬ ಬೈಂಡರ್ ಹತ್ತಿರ. 2 ಎಂಎಂ ದೊಡ್ಡ ಶೀಟಿಗೆ ಐವತ್ತು ರೂಪಾಯಿ ಕೊಟ್ಟೆ. ಬೆಳಕು ಒಂದು ಚೂರೂ ದಾಟುವುದಿಲ್ಲ. ಇದೂ ಕಾಗದವೇ, ಮಳೆಗಾಲದಲ್ಲಿ ಇದೂ ಬಾಗುತ್ತದೆ. ಆದರೆ ಬಾಗದಂತೆ ಮಾಡುವುದು ಬೈಂಡರ್‌ಗಳಿಗೆ ಗೊತ್ತು. ಅವರು ನನಗೆ ಹೇಳಿಕೊಟ್ಟದ್ದು ಎರಡು ವಿಷಯ. ರಟ್ಟಿಗೂ ಮರದ ಹಾಗೆ ನಾರಿನ ದಿಕ್ಕಿದೆ. ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಒಂದು ಕಡೆಗೆ ಸುಲಭವಾಗಿ ಬಗ್ಗುತ್ತದೆ, ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ತೇವ ಹೀರಿದಾಗ ರಟ್ಟು ಹಿಗ್ಗುವುದು ಹೆಚ್ಚಾಗಿ ಅದಕ್ಕೆ ಅಡ್ಡಲಾಗಿ. ಎರಡನೆಯದು, ಒಂದು ಮುಖಕ್ಕೆ ಕಾಗದ ಅಂಟಿಸಿದರೆ ಇನ್ನೊಂದು ಮುಖಕ್ಕೂ ಅಂಟಿಸಬೇಕು. ಆಗ ಎರಡೂ ಕಡೆಯ ಎಳೆತ ಸಮ ಆಗುತ್ತದೆ.

ನೆಂಟರ ಮನೆಯ ಮಣ್ಣಿನ ಗೋಡೆ 40 ಸೆಂಟಿಮೀಟರ್ ದಪ್ಪ. 1:50ರಲ್ಲಿ ಅದು 8 ಎಂಎಂ. ನಾಲ್ಕು ಪದರ ರಟ್ಟನ್ನು ಪ್ಲೈವುಡ್‌ನ ಹಾಗೆ ನಾರು ಅಡ್ಡ-ಉದ್ದ ಇಟ್ಟು ಅಂಟಿಸಿದೆ. ಒಳಗೆ ಸುಣ್ಣದ ಗೋಡೆಗೆ ಬಿಳಿ ಕಾಗದ, ಹೊರಗೆ ಅಷ್ಟೇ ದಪ್ಪದ ಕಾಗದ. ಮೈದಾ ಅಂಟಿಗೆ ಬೂಸ್ಟು ಬರದಿರಲಿ ಎಂದು ಬೈಂಡರ್‌ಗಳು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಾರೆ. ನಮ್ಮಲ್ಲಿ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದದ್ದು ಇತ್ತು. ಅದು ವಿಷ, ಕೈಗೆ ಗ್ಲೌಸ್ ಇರಲಿ. ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕಿ ಚೀಲ ಇಟ್ಟು ಎರಡು ದಿನ ಬಿಟ್ಟೆ. ಆ ಗೋಡೆಗಳು ಇವತ್ತಿಗೂ ನೆಟ್ಟಗಿವೆ.

ಕಷ್ಟ ಇರುವುದು ಕತ್ತರಿಸುವುದರಲ್ಲಿ. ಒಂದು ಗೆರೆಗೆ ಏಳೆಂಟು ಸಲ ಬ್ಲೇಡು ಎಳೆಯಬೇಕು. ಬೆರಳು ನೋಯುತ್ತದೆ, ಬ್ಲೇಡು ಜಾಸ್ತಿ ಖರ್ಚಾಗುತ್ತದೆ. ಕಿಟಕಿಗಳನ್ನು ಅಂಟಿಸುವ ಮೊದಲೇ ಪದರ ಪದರವಾಗಿ ಕತ್ತರಿಸಿಕೊಳ್ಳಿ.

ಬಾಲ್ಸಾ ಮರ ಹಗುರ, ಚಂದ, ಆದರೆ ದುಬಾರಿ. ಕಂಬ ಮತ್ತು ಐಮರಕ್ಕೆ ಮಾತ್ರ ಬಳಸಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಲೇಸರ್ ಕಟ್ ಮಾಡಿಸಲು ಮೈಸೂರಿಗೇ ಹೋಗಬೇಕು, ಅಂಚು ಸುಟ್ಟು ಕಪ್ಪಾಗುತ್ತದೆ. ಹೆಂಚಿನ ಮಾಡಿಗೆ ಡಬ್ಬದ ರಟ್ಟಿನ ಒಂದು ಪದರ ಸುಲಿದರೆ ಸಾಕು, ಒಳಗಿನ ಏರಿಳಿತವೇ ಹೆಂಚಿನ ಸಾಲು.

ಇನ್ನು ಬೆಳಕು. 12 ವೋಲ್ಟ್ ಎಲ್‌ಇಡಿ ಪಟ್ಟಿ ತಂದು, ಬೇಡವೆಂದು ಬದಿಗಿಟ್ಟಿದ್ದೇನೆ. ಅದರಿಂದ ಬರುವುದು ಅಂಗಡಿಯ ಬೆಳಕು. ದೀಪಕ್ಕೆ 3 ಎಂಎಂನ ಒಂದೇ ವಾರ್ಮ್ ಎಲ್‌ಇಡಿ, ಒಂದು ಕಾಯಿನ್ ಸೆಲ್ ಸಾಕು. ಅದಕ್ಕೂ ಎಣ್ಣೆ ದೀಪದ ಕೆಂಪು ಇಲ್ಲ. ಬಟರ್ ಪೇಪರ್ ಚೂರನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ ಸುತ್ತಿದೆ. ಸರಿಯಾಯಿತು.

ಹಗಲಿನ ಬೆಳಕಿಗೆ ನಮ್ಮ ಮಳೆಗಾಲದ ಆಕಾಶವೇ ಬೇಕು. ಜುಲೈನಲ್ಲಿ ಬಿಸಿಲೇ ಇಲ್ಲವಲ್ಲ ಎಂದು ನಾನು ಕೊರಗುತ್ತಿದ್ದೆ. ಆಮೇಲೆ ಓದಿದರೆ, ಕಟ್ಟಡದೊಳಗಿನ ಹಗಲು ಬೆಳಕನ್ನು ಅಳೆಯಲು ಆಧಾರವಾಗಿ ಇಟ್ಟುಕೊಳ್ಳುವುದೇ ಪೂರ್ತಿ ಮೋಡ ಕವಿದ ಆಕಾಶ. ಬೆಳಕಿನ ಅಂತರರಾಷ್ಟ್ರೀಯ ಸಂಸ್ಥೆ ಸಿಐಇಯ ಮಾದರಿಯ ಪ್ರಕಾರ ಅಂಥ ಆಕಾಶ ನೆತ್ತಿಯಲ್ಲಿ ದಿಗಂತಕ್ಕಿಂತ ಮೂರು ಪಟ್ಟು ಪ್ರಕಾಶ. ಬೆಳಕಿಗೆ ಸ್ಕೇಲ್ ಇಲ್ಲ. ಬಣ್ಣ, ಅಳತೆ ಸರಿಯಿದ್ದರೆ ಪುಟ್ಟ ಮನೆಯೊಳಗೂ ದೊಡ್ಡ ಮನೆಯ ಹಾಗೇ ಹರಡುತ್ತದೆ. ಮಳೆ ನಿಂತ ಹತ್ತು ನಿಮಿಷದಲ್ಲಿ ಮಾಡೆಲನ್ನು ಕಾಫಿ ಕಣದ ಮಧ್ಯೆ ಇಟ್ಟು, ಹಿಂಬದಿಯ ತೂತಿಗೆ ಫೋನ್ ಒತ್ತಿ, ಸುತ್ತ ಕಪ್ಪು ಬಟ್ಟೆ ಮುಚ್ಚಿದೆ. ಎಕ್ಸ್‌ಪೋಶರ್ (ಕ್ಯಾಮೆರಾ ಎಷ್ಟು ಬೆಳಕು ತೆಗೆದುಕೊಳ್ಳುತ್ತದೆ ಎನ್ನುವುದು) ಲಾಕ್ ಮಾಡುವುದು ಮರೆಯಬೇಡಿ, ಇಲ್ಲದಿದ್ದರೆ ಫೋನು ತಾನಾಗಿ ಕತ್ತಲೆಯನ್ನು ಬೆಳಗಿಸಿಬಿಡುತ್ತದೆ. ಅಂಗಳದ ಬೆಳಕು ಬಾಗಿಲು ದಾಟಿ, ಎರಡು ಬೆರಳು ಒಳಗೆ ಬಂದು, ಅಲ್ಲೇ ಮಾಯವಾಗಿತ್ತು. ಅದೇ ಮನೆ!

ಬಿಸಿಲಿನ ನೆರಳು ನೋಡಲು ಮಾತ್ರ ಸೂರ್ಯನ ಬದಲು ಟಾರ್ಚ್ ಬೇಕಾಗುತ್ತದೆ. ಹತ್ತಿರ ಹಿಡಿದರೆ ಕಿರಣ ಅಗಲವಾಗಿ ಹರಡಿ ನೆರಳು ದೊಡ್ಡದಾಗುತ್ತದೆ. ಮೂರು ಮೀಟರ್ ದೂರದಿಂದ ಹಿಡಿಯಿರಿ. ಮಡಿಕೇರಿ ಇರುವುದು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಾಲ್ಕನೇ ವಾರಕ್ಕೆ ಮತ್ತು ಆಗಸ್ಟ್ ಮೂರನೇ ವಾರಕ್ಕೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಅದನ್ನು ನೋಡಲು ಟಾರ್ಚನ್ನು ಮಹಡಿಯಿಂದ ನೇರ ಕೆಳಗೆ ಹಿಡಿದೆ.

ನಾನು ನಿಧಾನವಾಗಿ ಕೆಲಸ ಮಾಡುವವಳು, ಮಡಿಕೇರಿಯಲ್ಲಿ ಕೂತು ಮಾಡುವವಳು, ತಿಂಗಳ ಖರ್ಚಿಗೆ ಮನೆಯವರನ್ನು ಕೇಳಬೇಕಾದವಳು. ನನಗೆ ಆರು ಶೀಟ್ ಗ್ರೇ ಬೋರ್ಡ್, ಮುನ್ನೂರು ರೂಪಾಯಿ ಸಾಕಾಯಿತು. ನಾಳೆ ಸಬ್ಮಿಶನ್, ಬೆಳಕಿನ ಪ್ರಶ್ನೆಯೇ ಇಲ್ಲ ಅಂದರೆ ಫೋಮ್ ಬೋರ್ಡ್ ತೆಗೆದುಕೊಳ್ಳಿ. ನನ್ನ ಹತ್ತಿರ ಉಳಿದ ಒಂದೂವರೆ ಶೀಟನ್ನು ಮನೆಯ ಹಿಂದಿನ ಗುಡ್ಡದ ಕಾಂಟೂರ್‌ಗೆ, ಅಂದರೆ ಏರು ತೋರಿಸುವ ಪದರಗಳಿಗೆ, ಕತ್ತರಿಸಿದೆ. ಆ ಕೆಲಸಕ್ಕೆ ಅದು ತುಂಬಾ ಚೆನ್ನಾಗಿದೆ.