ಲ್ಯಾಬ್ ವರದಿ ಓದಿಸಲು ಮೂರು ದಾರಿ: ನನ್ನ ಓಟು ತಪ್ಪಿರುವ ಹಾಳೆಗೆ

ತರಗತಿಯಲ್ಲಿ ಮಕ್ಕಳಿಗೆ ವಿಜ್ಞಾನ ಪ್ರಯೋಗದ ಪೂರ್ತಿ ವರದಿ ಕೊಟ್ಟು ಕೆಳಗೆ ಪ್ರಶ್ನೆ ಹಾಕುವುದು, ವರದಿಯನ್ನು ಚೀಟಿಗಳಾಗಿ ಕತ್ತರಿಸಿ ಜೋಡಿಸಲು ಹೇಳುವುದು, ತೀರ್ಮಾನ ಅಳಿಸಿ ಬೇಕೆಂದೇ ಒಂದು ತಪ್ಪು ಸೇರಿಸಿದ ಹಾಳೆ ಕೊಡುವುದು. ಮೂರನ್ನೂ ಸರಳ ಲೋಲಕದ (ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು) ಒಂದೇ ವರದಿಯ ಮೇಲೆ ಮಾಡಿ ನೋಡಿದ್ದಾಯಿತು. ಉಳಿಸಿಕೊಂಡದ್ದು ಮೂರನೆಯದನ್ನು.

ಪ್ರಶ್ನೆ ಹಾಕಿದರೆ ಮಕ್ಕಳು ಕೋಷ್ಟಕದ ಕಡೆ ತಿರುಗಿಯೂ ನೋಡುವುದಿಲ್ಲ. ‘ದಾರ ಉದ್ದವಾದರೆ ಏನಾಗುತ್ತದೆ?’ ಎಂದರೆ ಕಣ್ಣು ನೇರ ತೀರ್ಮಾನಕ್ಕೆ ಹೋಗುತ್ತದೆ, ಅಲ್ಲಿರುವ ವಾಕ್ಯ ಹಾಗೇ ಉತ್ತರವಾಗುತ್ತದೆ.

ಚೀಟಿ ಪರವಾಗಿಲ್ಲ. ಆದರೆ ಕತ್ತರಿ ಸೊಟ್ಟಗೆ ಓಡಿದ್ದರೆ ಓದದೆಯೇ ಅಂಚಿಗೆ ಅಂಚು ಕೂಡಿಸಿಬಿಡುತ್ತಾರೆ. ಒಂದು ಚೀಟಿ ಕಳೆದರೆ ಇಡೀ ಲಕೋಟೆ ದಂಡ.

ಮೂರನೆಯ ಹಾಳೆಯಲ್ಲಿ 25, 50, 100 ಸೆಂ.ಮೀ. ಉದ್ದಕ್ಕೆ 20 ಆಂದೋಲನಗಳ (ಗುಂಡು ಒಮ್ಮೆ ಹೋಗಿ ಬಂದರೆ ಒಂದು ಆಂದೋಲನ) ಕಾಲ, ಪ್ರತಿಯೊಂದಕ್ಕೂ ಮೂರು ಅಳತೆ. 100 ಸೆಂ.ಮೀ. ಸಾಲಿನಲ್ಲಿ 40.2, 38.1, 40.3 ಸೆಕೆಂಡು. ಮಧ್ಯದ್ದೇ ಅಡಗಿಸಿಟ್ಟ ತಪ್ಪು: ಗುಂಡು ಬಿಟ್ಟ ಕ್ಷಣವನ್ನು ‘ಸೊನ್ನೆ’ ಎನ್ನದೆ ‘ಒಂದು’ ಎಂದು ಎಣಿಸಿದ್ದರಿಂದ ಆದದ್ದು 19 ಆಂದೋಲನ ಮಾತ್ರ. ಕೊರತೆ ಸುಮಾರು 2 ಸೆಕೆಂಡು, ಅಂದರೆ ಸರಿಯಾಗಿ ಒಂದು ಆಂದೋಲನದ ಕಾಲ.

ತಲೆನೋವು ಇರುವುದು ಇಲ್ಲೇ. ತಪ್ಪಿದೆ ಎಂದು ಹೇಳಿದ ಕೂಡಲೇ ಮಕ್ಕಳ ಕೆಂಪು ಪೆನ್ನು ಎಲ್ಲೆಂದರಲ್ಲಿ ಓಡುತ್ತದೆ. ಮೊದಲು ಕಾಗುಣಿತ, ಆಮೇಲೆ 40.2 ಮತ್ತು 40.3. ‘ಎರಡೂ ಒಂದೇ ಇರಬೇಕಿತ್ತಲ್ಲ’ ಎಂಬ ವಾದ. ಸ್ಟಾಪ್‌ವಾಚ್ ಒತ್ತುವ ಬೆರಳು ಒಂದೆರಡು ದಶಾಂಶ ಹಿಂದೆ ಮುಂದೆ ಆಗುವುದು ಸಹಜ ಎಂದು ಬಾಯಲ್ಲಿ ಹೇಳಿದರೆ ಕಿವಿಗೆ ಹೋಗುವುದಿಲ್ಲ. ಹಾಳೆ ಹಂಚುವ ಮೊದಲು ಪ್ರತಿಯೊಬ್ಬರ ಕೈಗೂ ವಾಚು ಕೊಟ್ಟು ಒಂದೇ ಲೋಲಕವನ್ನು ಅಳೆಯಿಸಿ, ಬಂದ ಅಂಕಿಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಬೇಕು.

ಅದರ ಜೊತೆಗೆ ಒಂದು ನಿಯಮವೂ ಬೇಕು: ತಪ್ಪು ಎಂದು ಗುರುತು ಹಾಕಿದವರು ಅದು ವಿಧಾನದ ಯಾವ ಹೆಜ್ಜೆಯಲ್ಲಿ ಆಗಿರಬಹುದು ಎಂದು ಪಕ್ಕದಲ್ಲಿ ಬರೆಯಬೇಕು. 40.2ಕ್ಕೆ ಹಾಗೆ ಬರೆಯಲು ಏನೂ ಸಿಗುವುದಿಲ್ಲ, ಗುರುತನ್ನು ತಾವೇ ಅಳಿಸುತ್ತಾರೆ. 38.1 ನಿಲ್ಲುತ್ತದೆ.

ಖಾಲಿ ಬಿಟ್ಟ ತೀರ್ಮಾನವನ್ನು ಆಮೇಲೆ ಅವರೇ ತುಂಬಲಿ. ‘ಉದ್ದ ಹೆಚ್ಚಾದರೆ ಕಾಲ ಹೆಚ್ಚು’ ಎಂದಷ್ಟೇ ಬರೆದರೆ ಸಾಲದು. ಉದ್ದ ನಾಲ್ಕು ಪಟ್ಟಾದಾಗ ಕಾಲ ಎರಡೇ ಪಟ್ಟಾಗಿದೆ ಎಂಬುದು ಕೋಷ್ಟಕದಲ್ಲೇ ಇದೆ.

ಖರ್ಚು ತಲೆಗೊಂದು ಹಾಳೆ. ಸರಾಸರಿ ತೆಗೆಯಲು ಇನ್ನೂ ಬಾರದ ಚಿಕ್ಕವರಿಗಾದರೆ ಚೀಟಿಯೇ ಸಾಕು, ಶೀರ್ಷಿಕೆಗಳನ್ನು ಮಾತ್ರ ತೆಗೆದುಬಿಡಿ. ದೊಡ್ಡವರಿಗೆ ಮೂರನೆಯ ಸಲ ತಪ್ಪೇ ಇಲ್ಲದ ಹಾಳೆಯೊಂದನ್ನು ಹೇಳದೆ ಕೊಡಿ.