ದತ್ತಾಂಶ ವೇಗದ ಪರಿವರ್ತಕ: ಗುಣಾಕಾರ ಸರಿಯಿದೆ, ವಿವರಣೆ ಸಾಲದು

ದೂರಸಂಪರ್ಕದಲ್ಲಿ ಬಳಕೆಯಲ್ಲಿರುವ ದತ್ತಾಂಶ ವರ್ಗಾವಣೆ ವೇಗದ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಡುವ ಉಚಿತ ಆನ್‌ಲೈನ್ ಪರಿವರ್ತಕವೊಂದನ್ನು ಕೆಲಕಾಲದಿಂದ ಬಳಸುತ್ತಿದ್ದೇನೆ. ಇಂಥ ಸಾಧನ ಬಿಟ್ ಮತ್ತು ಬೈಟ್‌ಗಳನ್ನು ಹೇಗೆ ಬೇರ್ಪಡಿಸುತ್ತದೆ ಎಂಬುದನ್ನೇ ಮೊದಲು ನೋಡಬೇಕು. ಸಂಪರ್ಕದ ವೇಗವನ್ನು ಸೇವಾದಾತರು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲ್ ಇಳಿಸಿಕೊಳ್ಳುವ ತಂತ್ರಾಂಶಗಳು ಸಾಮಾನ್ಯವಾಗಿ ಬೈಟ್‌ಗಳಲ್ಲಿ ತೋರಿಸುತ್ತವೆ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸಂಪರ್ಕದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್‌ಗಿಂತ ಹೆಚ್ಚು ಬರುವುದಿಲ್ಲ. ಸಂಕೇತದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸಣ್ಣಕ್ಷರದ ಬಿ ಮತ್ತು ದೊಡ್ಡಕ್ಷರದ ಬಿ ಮಾತ್ರ. ಆದ್ದರಿಂದ ಪ್ರತಿ ಸಂಕೇತದ ಪಕ್ಕದಲ್ಲೂ ‘ಸೆಕೆಂಡಿಗೆ ಮೆಗಾಬಿಟ್’, ‘ಸೆಕೆಂಡಿಗೆ ಮೆಗಾಬೈಟ್’ ಎಂಬ ಪೂರ್ಣ ಹೆಸರನ್ನು ಕೊಟ್ಟಿರುವುದು ನನಗೆ ತುಂಬ ಹಿಡಿಸಿತು.

ಸಾವಿರ ಮತ್ತು 1024ರ ಗೊಂದಲವನ್ನೂ ಇದು ಸರಿಯಾಗಿಯೇ ನಿಭಾಯಿಸಿದೆ. ದೂರಸಂಪರ್ಕದ ವೇಗಗಳಲ್ಲಿ ಕಿಲೊ ಎಂದರೆ ಸಾವಿರವೇ. ಕಂಪ್ಯೂಟರಿನ ಮೆಮೊರಿ ಲೆಕ್ಕದಲ್ಲಿ ಅದೇ ಹೆಸರು 1024ಕ್ಕೂ ಬಳಕೆಯಾಯಿತು. ಎರಡನ್ನೂ ಬೇರ್ಪಡಿಸಲು ವಿದ್ಯುತ್ ತಂತ್ರಜ್ಞಾನದ ಮಾನಕಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಸಿ 1998ರಲ್ಲಿ 1024ರ ಲೆಕ್ಕಕ್ಕೆಂದೇ ಕಿಬಿ, ಮೆಬಿ, ಗಿಬಿ ಎಂಬ ಪೂರ್ವಪ್ರತ್ಯಯಗಳನ್ನು ಅಂಗೀಕರಿಸಿತು. ವ್ಯತ್ಯಾಸ ಕಿಲೊ ಮಟ್ಟದಲ್ಲಿ ಶೇ. 2.4 ಇದ್ದರೆ ಗಿಗಾ ಮಟ್ಟದಲ್ಲಿ ಶೇ. 7.4ಕ್ಕೆ ಏರುತ್ತದೆ, ಟೆರಾ ಮಟ್ಟದಲ್ಲಿ ಹೆಚ್ಚುಕಡಿಮೆ ಶೇ. 10 ಆಗುತ್ತದೆ. ಈ ಪರಿವರ್ತಕ ಎರಡು ಬಗೆಯ ಮಾನಗಳನ್ನೂ ಪ್ರತ್ಯೇಕ ಸಾಲುಗಳಲ್ಲಿ ಇಟ್ಟಿದೆ. ಇದನ್ನು ಪರೀಕ್ಷಿಸಲು, ಹಲವು ಚಾನೆಲ್‌ಗಳನ್ನು ಒಟ್ಟಿಗೆ ಒಯ್ಯುವ ಇ1 ಎಂಬ ದೂರಸಂಪರ್ಕ ಮಾರ್ಗದ ವೇಗ ಒಳ್ಳೆಯ ಉದಾಹರಣೆ: ಸೆಕೆಂಡಿಗೆ 2048 ಕಿಲೋಬಿಟ್ ಎಂಬ ಅಂಕಿ ನೋಡಿದೊಡನೆ 1024ರ ಎರಡರಷ್ಟು ಎನಿಸುತ್ತದೆ, ಆದರೆ ಅದು ಬಂದಿರುವುದು 64 ಕಿಲೋಬಿಟ್‌ನ 32 ಚಾನೆಲ್‌ಗಳಿಂದ. ಅದನ್ನು ಕಿಬಿಬಿಟ್‌ಗೆ ಬದಲಾಯಿಸಿದರೆ ಸರಿಯಾಗಿ 2000 ಬರಬೇಕು, ಇಲ್ಲಿ ಹಾಗೆಯೇ ಬಂತು.

ಬಾಡ್ ವಿಷಯದಲ್ಲಿ ಮಾತ್ರ ಈ ಸಾಧನ ಎಡವಿದೆ, ಅದನ್ನು ಸಣ್ಣ ದೋಷವೆಂದು ಬಿಡಲಾಗದು. ಬಾಡ್ ಎಂದರೆ ಸೆಕೆಂಡಿಗೆ ಕಳಿಸುವ ಚಿಹ್ನೆಗಳ ಸಂಖ್ಯೆ, ಒಂದು ಚಿಹ್ನೆ ಹಲವು ಬಿಟ್‌ಗಳನ್ನು ಹೊರಬಹುದು. ಹಳೆಯ ವಿ.22ಬಿಸ್ ಮೋಡೆಮ್ 600 ಬಾಡ್‌ನಲ್ಲಿಯೇ ಸೆಕೆಂಡಿಗೆ 2400 ಬಿಟ್ ಕಳಿಸುತ್ತಿತ್ತು. ಹೀಗಿರುವಾಗ ಒಂದು ಬಾಡ್ ಎಂದರೆ ಸೆಕೆಂಡಿಗೆ ಒಂದು ಬಿಟ್ ಎಂದು ತೋರಿಸುವುದು ತಪ್ಪು. ಪ್ರತಿ ಚಿಹ್ನೆಗೆ ಎಷ್ಟು ಬಿಟ್ ಎಂದು ಬಳಕೆದಾರರನ್ನು ಕೇಳಬೇಕು, ಇಲ್ಲವೇ ಆ ಸಾಲನ್ನೇ ತೆಗೆದುಹಾಕಬೇಕು.

ದೂರಸಂಪರ್ಕ ಮಾರ್ಗಗಳ ಪಟ್ಟಿಯೇ ಈ ಪರಿವರ್ತಕದ ನಿಜವಾದ ಸಂಪತ್ತು. ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು ಪ್ರತಿ ಅಳತೆಯನ್ನು ಎಂಟು ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್‌ನ ಒಂದು ಚಾನೆಲ್ ಆಗುತ್ತದೆ. ಅಂಥ 24 ಚಾನೆಲ್‌ಗಳಿಗೆ ಪ್ರತಿ ಫ್ರೇಮ್‌ಗೆ, ಅಂದರೆ ಎಲ್ಲ ಚಾನೆಲ್‌ಗಳ ಒಂದೊಂದು ಅಳತೆ ಸೇರಿದ ಕಂತಿಗೆ, ಒಂದು ಹೆಚ್ಚುವರಿ ಬಿಟ್ ಸೇರಿದಾಗ ಟಿ1 ಎಂಬ ಮಾರ್ಗದ 1.544 ಮೆಗಾಬಿಟ್ ಸಿಗುತ್ತದೆ. ಆಪ್ಟಿಕಲ್ ಫೈಬರ್ ಜಾಲಗಳಲ್ಲಿ ಬಳಸುವ ಎಸ್‌ಟಿಎಂ ಮಟ್ಟಗಳಲ್ಲಿ ಎಸ್‌ಟಿಎಂ-1ರ ವೇಗ 155.52 ಮೆಗಾಬಿಟ್, ಬಾಯಿಮಾತಿನಲ್ಲಿ ಹತ್ತು ಗಿಗಾಬಿಟ್ ಎನಿಸಿಕೊಳ್ಳುವ ಎಸ್‌ಟಿಎಂ-64 ನಿಜಕ್ಕೆ 9953.28 ಮೆಗಾಬಿಟ್. ಈ ಅಂಕಿಗಳನ್ನು ದುಂಡುಗೊಳಿಸದೆ ಹಾಗೆಯೇ ಉಳಿಸಿಕೊಂಡಿರುವುದು ಮೆಚ್ಚತಕ್ಕ ಎಚ್ಚರಿಕೆ.

ಆದರೆ ಒಂದು ಮಾರ್ಗದಿಂದ ಇನ್ನೊಂದು ಮಾರ್ಗಕ್ಕೆ ಪರಿವರ್ತಿಸುವಾಗ ಬರುವ ಉತ್ತರವನ್ನು ಸಾಮರ್ಥ್ಯವೆಂದು ಓದಬಾರದು. ಒಂದು ಟಿ3 (ಟಿ1ಗಿಂತ ಮೇಲಿನ ಮಟ್ಟದ, 44.736 ಮೆಗಾಬಿಟ್‌ನ ಮಾರ್ಗ) ಎಂದರೆ 28.97 ಟಿ1 ಎಂದು ಇದು ಹೇಳುತ್ತದೆ, 44.736ನ್ನು 1.544ರಿಂದ ಭಾಗಿಸಿದರೆ ಬರುವುದೂ ಅದೇ, ಆದರೂ ಟಿ3 ಹೊರುವುದು 28 ಟಿ1ಗಳನ್ನು ಮಾತ್ರ. ಎಸ್‌ಟಿಎಂ-1ರ ವೇಗದಲ್ಲಿ ಸುಮಾರು 76 ಇ1ಗಳ ವೇಗ ಅಡಗಿದೆ ಎಂಬ ಉತ್ತರ ಬರುತ್ತದೆ, ಆದರೆ ಅದರಲ್ಲಿ ಕೂರುವುದು 63. ಉಳಿದ ಬಿಟ್‌ಗಳು ಫ್ರೇಮ್ ರಚನೆಗೆ, ಮೇಲ್ವಿಚಾರಣೆಗೆ ಮತ್ತು ಬೇರೆ ಬೇರೆ ಗಡಿಯಾರಗಳ ಹೊಂದಾಣಿಕೆಗೆ ವ್ಯಯವಾಗುತ್ತವೆ. ಜಾಲವನ್ನು ಯೋಜಿಸಲು ಕುಳಿತವರಿಗೆ ಬೇಕಾದದ್ದು ಈ ಎರಡನೆಯ ಸಂಖ್ಯೆ. ಪರಿವರ್ತಕದಲ್ಲಿ ಅದು ಎಲ್ಲಿಯೂ ಇಲ್ಲ, ಎಚ್ಚರಿಸುವ ಒಂದು ಸಾಲಿನ ಟಿಪ್ಪಣಿಯೂ ಇಲ್ಲ.

ಯುಎಸ್‌ಬಿ 3.0ರ ಸಾಲಿನಲ್ಲಿಯೂ ಇದೇ ಕೊರತೆಯಿದೆ: 5 ಗಿಗಾಬಿಟ್ ಎಂದರೆ 625 ಮೆಗಾಬೈಟ್ ಎನ್ನುತ್ತದೆ, ಆದರೆ ಎಂಟು ಬಿಟ್‌ಗಳನ್ನು ಹತ್ತಾಗಿಸಿ ಕಳಿಸುವ ಸಂಕೇತೀಕರಣದಿಂದಾಗಿ ದತ್ತಾಂಶಕ್ಕೆ ಉಳಿಯುವುದು ಹೆಚ್ಚೆಂದರೆ 500 ಮೆಗಾಬೈಟ್. ಬಿಟ್, ಬೈಟ್, ಕಿಬಿ, ಮೆಬಿಗಳ ಲೆಕ್ಕಕ್ಕೆ ಈ ಪರಿವರ್ತಕವನ್ನು ನಿಶ್ಚಿಂತೆಯಿಂದ ಬಳಸಬಹುದು. ಒಂದು ಮಾರ್ಗದಲ್ಲಿ ಎಷ್ಟು ಚಾನೆಲ್ ಹಿಡಿಯುತ್ತವೆ ಎಂಬ ಪ್ರಶ್ನೆಗೆ ಮಾತ್ರ ದೂರಸಂಪರ್ಕದ ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ ಐಟಿಯು-ಟಿಯ ಶಿಫಾರಸುಗಳನ್ನೇ ತೆರೆದು ನೋಡಬೇಕು.